ಕೆಟ್ಟುನಿಂತ ಟರ್ಬೈನಿಗೆ ಇಂಗ್ಲಿಷ್ ಬರುತ್ತದೆಯೇ?

ದಾಭೋಳದಿಂದ ಬೆಂಗಳೂರಿಗೆ ಹೋಗುವ ಗ್ಯಾಸ್ ಪೈಪ್‌ಲೈನು ನಮ್ಮ ದಾವಣಗೆರೆ ಜಿಲ್ಲೆಯ ನೆಲದಡಿ ಹಾದುಹೋಗಿದೆ. 2013ರಿಂದ ನೆಲದ ಕೆಳಗೆ ಗ್ಯಾಸು ಬೆಂಗಳೂರಿಗೆ ಹೋಗುತ್ತಿದೆ. ನೆಲದ ಮೇಲೆ ನಮ್ಮ ಐಟಿಐ, ಡಿಪ್ಲೊಮಾ ಹುಡುಗರು ಹರಿಹರದಲ್ಲಿ ರೈಲು ಹತ್ತಿ ಅದೇ ಬೆಂಗಳೂರಿಗೆ ಹೋಗುತ್ತಿದ್ದಾರೆ. ಗ್ಯಾಸಿಗೆ ಅಲ್ಲಿ ರಾಜಮರ್ಯಾದೆ! ಯಲಹಂಕದಲ್ಲಿ ಕೆಪಿಸಿಯ 370 ಮೆಗಾವ್ಯಾಟ್ ಸ್ಥಾವರ ಅದಕ್ಕಾಗಿ ಕಾದು ಕೂತಿದೆ. ಬಿಎಚ್‌ಇಎಲ್ ಕಟ್ಟಿದ ಇದರ ಉದ್ಘಾಟನೆ 2024ರ ಸೆಪ್ಟೆಂಬರಿನಲ್ಲಿ ಆಯಿತು. ಸುಮಾರು 236 ಮೆಗಾವ್ಯಾಟು ಗ್ಯಾಸ್ ಟರ್ಬೈನಿನದು, ಉಳಿದದ್ದು ಅದರ ಬಿಸಿ ಹೊಗೆಯಿಂದ ಎಬ್ಬಿಸಿದ ಹಬೆಯದು. ಹುಡುಗರಿಗೆ? ಇಂಥ ಸ್ಥಾವರಗಳಲ್ಲಿ ಕೇಬಲ್ ಎಳೆಯುವ, ನಟ್ಟು ಬಿಗಿಯುವ ಗುತ್ತಿಗೆ ಕೂಲಿ. ಕಂಟ್ರೋಲ್ ರೂಮಿನ ಬಾಗಿಲು ಅವರ ಪಾಲಿಗೆ ಮುಚ್ಚಿಯೇ ಇರುತ್ತದೆ.

ಯಾಕೆ? ಬುದ್ಧಿ ಸಾಲದೆಂದೇ? ಸುಳ್ಳು ಸ್ವಾಮಿ!

ಐದು ದಿನದ ಒಂದು ತರಬೇತಿಯಲ್ಲಿ ನಾನೂ ಕೂತಿದ್ದೆ. ಸಂಸ್ಥೆಯ ಹೆಸರು ಬೇಡ. ಗ್ಯಾಸ್ ಟರ್ಬೈನಿನ ಕಂಟ್ರೋಲ್ ಸಿಸ್ಟಮಿನಲ್ಲಿ ದೋಷ ಪತ್ತೆ ಹಚ್ಚುವುದು ವಿಷಯ. ಬಂದ ಮಹಾಶಯರು ಅರ್ಧ ಇಂಗ್ಲಿಷ್, ಅರ್ಧ ಹಿಂದಿಯಲ್ಲಿ ಸ್ಲೈಡ್ ಮೇಲೆ ಸ್ಲೈಡ್ ಓಡಿಸಿದರು. ನನ್ನ ಪಕ್ಕ ಹರಿಹರದ ಹುಡುಗ, ಅಪ್ಪ ಕಿರ್ಲೋಸ್ಕರ್‌ನಲ್ಲಿ ಲೇಥ್ ನಡೆಸಿದವರು. ಐದು ದಿನ ತುಟಿ ಬಿಚ್ಚಲಿಲ್ಲ. ಮೂರನೆಯ ದಿನ ಚಹಾದ ಹೊತ್ತಿಗೆ ಮೆಲ್ಲಗೆ ಕೇಳಿದ: "ಅಣ್ಣಾ, ಸಿಗ್ನಲ್ಲು ಸೊನ್ನೆಯಿಂದ ಶುರುವಾಗದೆ 4 ಮಿಲಿಆಂಪಿಯರಿನಿಂದ ಯಾಕೆ ಶುರುವಾಗುತ್ತೆ? ತಂತಿ ಹರಿದಿದ್ದು ಗೊತ್ತಾಗಲಿ ಅಂತಾನಾ?"

ಹೌದು, ಅದಕ್ಕೇ! 4ರಿಂದ 20 ಮಿಲಿಆಂಪಿಯರಿನ ಲೆಕ್ಕದಲ್ಲಿ 4 ಅಂದರೆ ಒತ್ತಡ ಸೊನ್ನೆ. ಏನೂ ಬರದಿದ್ದರೆ ತಂತಿಯೇ ಸತ್ತಿದೆ. ಹಾಲಿನಲ್ಲಿದ್ದವರ ಪೈಕಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಅವನು ಕೇಳಿದ್ದು ಕನ್ನಡದಲ್ಲಿ, ಬಾಗಿಲ ಹೊರಗೆ. ಒಳಗೆ ಕೊಟ್ಟ ಸರ್ಟಿಫಿಕೇಟಿನಲ್ಲಿ ಅವನಿಗೆ ಸಿಕ್ಕಿದ್ದು ಕಡಿಮೆ ಅಂಕ.

ದೋಷ ಹುಡುಕುವುದು ಅಂದರೆ ಮ್ಯಾನುಯಲ್ ಬಾಯಿಪಾಠ ಮಾಡುವುದಲ್ಲ ಗೆಳೆಯರೇ, ಪತ್ತೇದಾರಿ ಕೆಲಸ. ಯಲಹಂಕದಂಥ ದೊಡ್ಡ ಟರ್ಬೈನು ನಿಮಿಷಕ್ಕೆ 3000 ಸುತ್ತು ತಿರುಗುತ್ತದೆ. ಅದು ಹೊರಹಾಕುವ ಹೊಗೆಯ ದಾರಿಯಲ್ಲಿ ವೃತ್ತಾಕಾರವಾಗಿ ಎರಡು ಡಜನ್‌ಗೆ ಕಡಿಮೆಯಿಲ್ಲದಷ್ಟು ಥರ್ಮೋಕಪಲ್‌ಗಳು ಶಾಖ ಅಳೆಯುತ್ತವೆ. ಒಂದು ಮಾತ್ರ ತಣ್ಣಗೆ ತೋರಿಸುತ್ತಿದೆ ಅನ್ನಿ. ಸೆನ್ಸರು ಕೆಟ್ಟಿದೆಯೋ, ಒಳಗೆ ಒಂದು ಬರ್ನರಿನ ನಾಜಲ್ಲು ಕಟ್ಟಿಕೊಂಡಿದೆಯೋ? ಅಕ್ಕಪಕ್ಕದವೂ ಸ್ವಲ್ಪ ತಣ್ಣಗಾಗಿವೆಯಾ ನೋಡಬೇಕು. ಲೋಡು ಏರಿಳಿಸಿದರೆ ತಣ್ಣನೆಯ ಜಾಗ ಪಕ್ಕಕ್ಕೆ ಸರಿಯುತ್ತದೆಯಾ ನೋಡಬೇಕು, ಯಾಕೆಂದರೆ ಹೊಗೆ ಸುಳಿಸುತ್ತಿಕೊಂಡು ಬರುತ್ತದೆ. ಸರಿದರೆ ತಪ್ಪು ಬೆಂಕಿಯಲ್ಲಿದೆ. ಅಲ್ಲೇ ಕೂತಿದ್ದರೆ ಸೆನ್ಸರಿನ ಮೇಲೆ ಅನುಮಾನ. ಇದನ್ನು ನಮ್ಮ ಮನೆಯ ಅಜ್ಜಿಗೂ ಕನ್ನಡದಲ್ಲಿ ಹೇಳಬಹುದು. ಒಲೆಯ ಮುಂದೆ ಕೂತವಳಿಗೆ ಬೇಗ ಅರ್ಥವಾದೀತು!

ಮುಖ್ಯವಾದ ಕಡೆ ಒಂದೇ ಸೆನ್ಸರನ್ನು ನಂಬುವುದಿಲ್ಲ. ಮೂರು ಇಟ್ಟು, ಎರಡು ಒಪ್ಪಿದ್ದೇ ತೀರ್ಪು. ಪಂಚಾಯ್ತಿ ಕಟ್ಟೆಯ ನ್ಯಾಯ. ಆದರೆ ಸುಳ್ಳು ಹೇಳಿದ ಆ ಮೂರನೆಯದನ್ನು ಹಿಡಿದು ಬದಲಿಸದೆ ಬಿಟ್ಟರೆ, ಇನ್ನೊಂದು ಕೆಟ್ಟ ದಿನ ಇಡೀ ಯಂತ್ರ ನಿಲ್ಲುತ್ತದೆ. ನಿಂತಾಗ ಪರದೆಯ ಮೇಲೆ ನೂರಾರು ಅಲಾರಂ ಸುರಿಯುತ್ತವೆ. ಅದರಲ್ಲಿ ಮೊದಲು ಬಂದದ್ದು ಯಾವುದು, ಉಳಿದವು ಅದರ ಬಾಲ ಹಿಡಿದು ಬಂದವೇ? ನಡುರಾತ್ರಿ, ಮೇಲಧಿಕಾರಿ ಫೋನಿನಲ್ಲಿ ಕೂಗಾಡುತ್ತಿರುವಾಗ, ಟೆಕ್ನಿಷಿಯನ್ನು ಇದನ್ನು ಬಿಡಿಸಬೇಕು. ಆಗ ಮನುಷ್ಯ ಯಾವ ಭಾಷೆಯಲ್ಲಿ ಯೋಚಿಸುತ್ತಾನೆ ಹೇಳಿ! ಗೊತ್ತಾಗದವನು ಮಾಡುವ ಕೆಲಸ ಒಂದೇ: ಜಂಪರ್ ಹಾಕಿ ರಕ್ಷಣೆಯನ್ನೇ ತಪ್ಪಿಸಿ ಮತ್ತೆ ಓಡಿಸುವುದು. ಜ್ವಾಲೆ ಆರಿದರೂ ಗ್ಯಾಸು ನಿಲ್ಲದಿದ್ದರೆ ಹೊಗೆಯ ದಾರಿಯಿಡೀ ಉರಿಯದ ಗ್ಯಾಸು ತುಂಬುತ್ತದೆ. ಮುಂದಿನದನ್ನು ನಾನು ಬಿಡಿಸಿ ಹೇಳಬೇಕಿಲ್ಲ.

2020ರ ಅಕ್ಟೋಬರ್ 2ರ ನಸುಕಿನಲ್ಲಿ ಇದೇ ಯಲಹಂಕದಲ್ಲಿ ಬೆಂಕಿ ಹೊತ್ತಿ 15 ಮಂದಿ ಸುಟ್ಟಗಾಯಗಳೊಂದಿಗೆ ಆಸ್ಪತ್ರೆ ಸೇರಿದರು. ಅದಕ್ಕೂ ಭಾಷೆಗೂ ಗಂಟುಹಾಕುವ ಮೂರ್ಖತನ ನನ್ನದಲ್ಲ. ಯಂತ್ರದ ಪಕ್ಕ ನಿಲ್ಲುವವನ ಮೈಗೆ ಏನು ಅಪಾಯವಿದೆ ಎಂದು ನೆನಪಿಸಿದೆ, ಅಷ್ಟೇ.

ಬರ್ಲಿನ್ನಿನ ಸೀಮೆನ್ಸ್ ಕೆಲಸಗಾರ ಜರ್ಮನ್ನಿನಲ್ಲಿ ಕಲಿತ. ಜಪಾನಿನ ತಕಸಾಗೋದಲ್ಲಿ ಮಿತ್ಸುಬಿಷಿ ಟರ್ಬೈನು ಜೋಡಿಸುವವನು ಜಪಾನಿಯಲ್ಲಿ ಕಲಿತ. ನಮ್ಮವನಿಗೆ ಮಾತ್ರ ಪರಭಾಷೆಯ ಪರೀಕ್ಷೆ!

ಹಾಗಂತ 'ಟ್ರಿಪ್'ಗೆ, 'ಸರ್ವೋ ವಾಲ್ವ್'ಗೆ ಸಂಸ್ಕೃತದ ಬಾಲಂಗೋಚಿ ಕಟ್ಟುವ ಪಂಡಿತರು ದಯವಿಟ್ಟು ದೂರವಿರಲಿ. ಹೆಸರು ಇಂಗ್ಲಿಷಿನದೇ ಇರಲಿ, ಅಲಾರಂ ಕೂಡ ಇಂಗ್ಲಿಷಿನಲ್ಲೇ ಬರುತ್ತದೆ, ಅದನ್ನು ಓದಲು ಹುಡುಗ ಕಲಿಯಲೇಬೇಕು. ಯಾಕೆ, ಹೇಗೆ, ಆಮೇಲೇನು ಎನ್ನುವುದು ಮಾತ್ರ ಕನ್ನಡದಲ್ಲಿ ನಡೆಯಲಿ. ಹರಿಹರದಲ್ಲಿ ಇದು ಹೊಸದೂ ಅಲ್ಲ. 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯ ಕೆಲಸಗಾರರು 'ಚಕ್', 'ಟೇಲ್‌ಸ್ಟಾಕ್' ಅಂತಲೇ ಅಂದರು, ಮಾತು ಮಾತ್ರ ಕನ್ನಡದ್ದು. ಅವರ ಲೇಥುಗಳು ದೇಶವೆಲ್ಲ ಓಡಾಡಿದವು. ಕಾರ್ಖಾನೆ ಬಾಗಿಲು ಹಾಕಿತು. ಕಿವಿಗೊಟ್ಟೇ ಬೇರಿಂಗಿನ ರೋಗ ಹೇಳುವ ಮುದುಕರು ಯಂತ್ರಪುರದ ಸುತ್ತ ಇನ್ನೂ ಇದ್ದಾರೆ. ಯಾವ ಕಾಲೇಜು ಅವರನ್ನು ಒಂದು ದಿನ ಕರೆದು ಕೂರಿಸಿದೆ?

ಹರಿಹರದಲ್ಲಿ ಜಿಟಿಟಿಸಿ ಇದೆ. ದಾವಣಗೆರೆಯಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ, 1951ರ ಬಿಡಿಟಿ ಇಂಜಿನಿಯರಿಂಗ್ ಕಾಲೇಜು ಇದೆ. ಗ್ಯಾಸ್ ಟರ್ಬೈನು ನಮ್ಮೂರಲ್ಲಿಲ್ಲ, ನಿಜ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಯಲ್ಲಿ ಹಬೆಯ ಟರ್ಬೈನು ವಿದ್ಯುತ್ ಮಾಡುತ್ತದಲ್ಲ! ವೇಗ ಮಿತಿಮೀರಿದರೆ ನಿಲ್ಲಿಸುವುದು, ಕಂಪನ ಅಳೆಯುವುದು, 4-20ರ ಲೂಪು, ಮೂಲಪಾಠ ಎರಡಕ್ಕೂ ಒಂದೇ. ವಿದ್ಯುತ್ ಸ್ಥಾವರಗಳಿಗೆ ಕಂಟ್ರೋಲ್ ಉಪಕರಣ ತಯಾರಿಸುವ ಬಿಎಚ್‌ಇಎಲ್ ಎಲೆಕ್ಟ್ರಾನಿಕ್ಸ್ ವಿಭಾಗ ಬೆಂಗಳೂರಿನ ಮೈಸೂರು ರಸ್ತೆಯಲ್ಲೇ ಇದೆ; ಕೈಗಾರಿಕಾ ಗ್ಯಾಸ್ ಟರ್ಬೈನ್ ದುರಸ್ತಿ ಮಾಡುವ ಎಚ್‌ಎಎಲ್ ವಿಭಾಗವೂ ಬೆಂಗಳೂರಲ್ಲೇ ಇದೆ. ಅಲ್ಲಿನ ಕನ್ನಡದ ಇಂಜಿನಿಯರುಗಳು ತಿಂಗಳಿಗೊಮ್ಮೆ ರೈಲು ಹತ್ತಿ ಈ ಕಡೆ ಬಂದರೆ ಅವರ ಗಂಟೇನು ಹೋಗುತ್ತದೆ?

ನಮಗೂ ಒಂದು ಮಾತು. ಬೋರ್ಡಿಗೆ ಮಸಿ ಬಳಿಯಲು ನೂರು ಜನ ಬರುತ್ತೇವೆ, ಒಂದು ಲೂಪ್ ಡ್ರಾಯಿಂಗ್ ಓದಲು ನಾಲ್ವರು ಸಿಗುವುದಿಲ್ಲ. ನವೆಂಬರ್ ಒಂದರ ಮೆರವಣಿಗೆ ಮುಗಿದ ಮಾರನೇ ದಿನ ಹತ್ತು ಹುಡುಗರು ಪಾಲಿಟೆಕ್ನಿಕ್ಕಿನ ಪ್ರಿನ್ಸಿಪಾಲರ ಮುಂದೆ ನಿಂತು ಕೇಳಿ: ಒಂದು ಟ್ರಾನ್ಸ್‌ಮಿಟರ್, ಒಂದು ಪಿಎಲ್‌ಸಿ, ಒಂದು ವಾಲ್ವ್ ಇರುವ ಬೆಂಚು ನಮಗಾಗಿ ಸಂಜೆ ಹೊತ್ತು ತೆರೆದಿರುತ್ತದೆಯೇ? ಮೇಷ್ಟರು ಬೇಕೆಂದೇ ಒಂದು ತಂತಿ ಬಿಚ್ಚಿಡಲಿ. ಯಾವುದೆಂದು ಹುಡುಕುತ್ತ, ಕನ್ನಡದಲ್ಲೇ ಜಗಳವಾಡಿ.