ಲಸಿಕೆಯ ಸಾಲು ಮೊಬೈಲಿಗೆ ಹೋದಾಗ ಹೊರಗುಳಿದವರು

ಮುಂಬಯಿ, ಪುಣೆಯ ಕನ್ನಡ ಸಂಘ-ಸಂಸ್ಥೆಗಳಲ್ಲಿ ಉಚಿತ ಆರೋಗ್ಯ ತಪಾಸಣಾ ಶಿಬಿರ ಎಂಬುದು ವಾರ್ಷಿಕ ಮಹಾಸಭೆಯಷ್ಟೇ ರೂಢಿಯಾದ ಕಾರ್ಯಕ್ರಮ. ಹಿಂದೆ ಅದರ ಸುದ್ದಿ ಪತ್ರಿಕೆಯ ಪ್ರಕಟಣೆಯಿಂದ, ಸಂಘದ ಕಚೇರಿಯ ಕರಿಹಲಗೆಯಿಂದ, ಹೊಟೇಲಿನ ಗಲ್ಲಾದ ಮೇಲಿಟ್ಟ ಕರಪತ್ರದಿಂದ ಹರಡುತ್ತಿತ್ತು. ಇತ್ತೀಚಿನ ವರ್ಷಗಳಲ್ಲಿ ಆ ಕೆಲಸವನ್ನೆಲ್ಲ ವಾಟ್ಸ್‌ಆ್ಯಪ್ ಬಳಗಕ್ಕೆ ವಹಿಸಿ ಪದಾಧಿಕಾರಿಗಳು ನಿಶ್ಚಿಂತರಾಗಿದ್ದಾರೆ. ಬಳಗದಲ್ಲಿ ಇರುವವರು ಯಾರು? ಹೆಚ್ಚಾಗಿ ಸಂಘದ ಸದಸ್ಯರು, ವರ್ಷಕ್ಕೊಮ್ಮೆ ಹೇಗೂ ರಕ್ತಪರೀಕ್ಷೆ ಮಾಡಿಸಿಕೊಳ್ಳುವ ಅನುಕೂಲವಂತರು. ಕ್ಯಾಂಟೀನಿನ ಹಿಂಬದಿಯಲ್ಲಿ ಪಾತ್ರೆ ತೊಳೆಯುವ ಹುಡುಗ, ಚಾಳಿನ ಒಂಟಿ ಕೋಣೆಯಲ್ಲಿರುವ ವೃದ್ಧೆ, ಕಲಬುರಗಿ-ವಿಜಯಪುರದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದ ಕುಟುಂಬ ಆ ಬಳಗದಲ್ಲಿ ಇರುವುದಿಲ್ಲ. ಶಿಬಿರದ ಅಗತ್ಯ ಇರುವುದು ಮಾತ್ರ ಅವರಿಗೇ.

ಇದು ಸಂಘಗಳೊಂದರದೇ ದೋಷವಲ್ಲ. ಇಡೀ ದೇಶವೇ 2021ರಲ್ಲಿ ಈ ಪಾಠವನ್ನು ದುಬಾರಿ ಬೆಲೆ ತೆತ್ತು ಕಲಿಯಿತು. ಆ ವರ್ಷ ಜನವರಿ 16ರಂದು ಕೋವಿಡ್ ಲಸಿಕೆ ಅಭಿಯಾನ ಆರಂಭವಾಯಿತು. ಮೇ 1ರಿಂದ 18ರಿಂದ 44 ವರ್ಷದವರಿಗೂ ಅವಕಾಶ ಸಿಕ್ಕಿತಾದರೂ ಅವರಿಗೊಂದು ಷರತ್ತಿತ್ತು: ಕೋವಿನ್ ಜಾಲತಾಣದಲ್ಲಿ ಮೊದಲೇ ಹೆಸರು ನೋಂದಾಯಿಸಿ, ದಿನ-ವೇಳೆ ಕಾದಿರಿಸಿಯೇ ಕೇಂದ್ರಕ್ಕೆ ಹೋಗಬೇಕು. ಏಪ್ರಿಲ್ 28ರ ಸಂಜೆ ನೋಂದಣಿ ತೆರೆದಾಗ ಮೊದಲ ದಿನವೇ 1.3 ಕೋಟಿಗೂ ಹೆಚ್ಚು ಮಂದಿ ಹೆಸರು ದಾಖಲಿಸಿದರು. ಲಸಿಕೆಯ ಸಂಗ್ರಹ ಅಷ್ಟಿರಲಿಲ್ಲ. ಹೀಗಾಗಿ ಖಾಲಿ ಜಾಗ ಪರದೆಯಲ್ಲಿ ಕಂಡ ಕೆಲವೇ ಕ್ಷಣಗಳಲ್ಲಿ ಮಾಯವಾಗುತ್ತಿತ್ತು. ಕಂಪ್ಯೂಟರ್ ಬಲ್ಲ ತರುಣರು ಜಾಗ ತೆರೆದ ಕೂಡಲೇ ಎಚ್ಚರಿಸುವ ಪ್ರೋಗ್ರಾಂಗಳನ್ನೇ ಬರೆದುಕೊಂಡರು. ನಗರದ ಅನುಕೂಲಸ್ಥರು ಹತ್ತಿರದ ಗ್ರಾಮೀಣ ಕೇಂದ್ರಗಳಲ್ಲಿ ಜಾಗ ಹಿಡಿದು ಕಾರಿನಲ್ಲಿ ಹೋಗಿ ಲಸಿಕೆ ಹಾಕಿಸಿಕೊಂಡು ಬಂದರು. ಆ ಊರಿನವರು ತಮ್ಮ ಆರೋಗ್ಯ ಕೇಂದ್ರದ ಮುಂದೆಯೇ ನೋಡುತ್ತ ನಿಂತರು. ನಿಯಮ ಎಲ್ಲರಿಗೂ ಒಂದೇ ಇತ್ತು. ಅದನ್ನು ಪಾಲಿಸುವ ಸಾಧನ ಮಾತ್ರ ಎಲ್ಲರ ಕೈಯಲ್ಲಿ ಇರಲಿಲ್ಲ.

ಭಾಷೆಯ ತೊಡಕು ಬೇರೆ. ಆರಂಭದಲ್ಲಿ ಕೋವಿನ್ ಇಂಗ್ಲಿಷಿನಲ್ಲಷ್ಟೇ ಇತ್ತು. ಹಿಂದಿಯ ಜತೆಗೆ ಕನ್ನಡ, ಮರಾಠಿ ಮೊದಲಾದ ಭಾಷೆಗಳು ಅದರಲ್ಲಿ ಕಾಣಿಸಿಕೊಂಡದ್ದು 2021ರ ಜೂನ್ ಆರಂಭದಲ್ಲಿ, ಅಂದರೆ ಎರಡನೇ ಅಲೆ ತನ್ನ ಉತ್ತುಂಗವನ್ನು ದಾಟಿದ ಮೇಲೆ. ರಾತ್ರಿ ಶಾಲೆಯಲ್ಲಿ ಕನ್ನಡ ಅಕ್ಷರ ಕಲಿತ ಹೊಟೇಲ್ ಕಾರ್ಮಿಕನಿಗೆ ಅಷ್ಟು ದಿನ ಆ ಪರದೆ ಗೋಡೆಯೇ ಆಗಿತ್ತು.

ಈ ಅಸಮಾನತೆಯನ್ನು ಸರ್ವೋಚ್ಚ ನ್ಯಾಯಾಲಯವೂ ಎತ್ತಿ ತೋರಿಸಿತು. ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ನೇತೃತ್ವದ ಪೀಠವು ಅದೇ ವರ್ಷ ಮೇ 31ರ ತನ್ನ ಆದೇಶದಲ್ಲಿ, ಕೇವಲ ಡಿಜಿಟಲ್ ಜಾಲತಾಣವನ್ನು ನಂಬಿದ ಲಸಿಕಾ ನೀತಿಯು ಎಲ್ಲರನ್ನೂ ತಲುಪಲಾರದು ಎಂಬ ಆತಂಕ ವ್ಯಕ್ತಪಡಿಸಿತು. ಅದಕ್ಕೂ ಕೆಲವೇ ದಿನ ಮೊದಲು, ಮೇ 24ರಂದು, ಸರಕಾರಿ ಕೇಂದ್ರಗಳಲ್ಲಿ ಈ ವಯೋಮಾನದವರಿಗೂ ಸ್ಥಳದಲ್ಲೇ ನೋಂದಣಿಗೆ ಕೇಂದ್ರ ಸರಕಾರ ಅನುಮತಿ ನೀಡಿತ್ತು. ನ್ಯಾಯಾಲಯದ ಆತಂಕಕ್ಕೆ ಅಂಕಿ-ಅಂಶದ ಆಧಾರವೂ ಇದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಒಮ್ಮೆಯಾದರೂ ಇಂಟರ್‌ನೆಟ್ ಬಳಸಿದ ಪುರುಷರು ಶೇ. 57.1, ಮಹಿಳೆಯರು ಶೇ. 33.3 ಮಾತ್ರ. ಮನೆಯಲ್ಲಿ ಒಂದೇ ಸ್ಮಾರ್ಟ್‌ಫೋನ್ ಇದ್ದರೆ ಅದು ಯಾರ ಜೇಬಿನಲ್ಲಿ ಇರುತ್ತದೆ ಎಂಬುದನ್ನು ವಿವರಿಸಿ ಹೇಳಬೇಕಾಗಿಲ್ಲ.

ಹಾಗೆಂದು ಮೊಬೈಲನ್ನು ಹಳಿದರೆ ಅದೂ ಅನ್ಯಾಯವಾದೀತು. 2021ರ ಏಪ್ರಿಲ್-ಮೇ ತಿಂಗಳ ಆ ಕರಾಳ ದಿನಗಳಲ್ಲಿ ಆಮ್ಲಜನಕದ ಸಿಲಿಂಡರ್ ಎಲ್ಲಿದೆ, ಯಾವ ಆಸ್ಪತ್ರೆಯಲ್ಲಿ ಹಾಸಿಗೆ ಖಾಲಿ ಇದೆ, ಪ್ಲಾಸ್ಮಾ ಕೊಡುವವರು ಯಾರು ಎಂದು ನಡುರಾತ್ರಿ ಹುಡುಕಿಕೊಟ್ಟದ್ದು ಇಂಥ ಬಳಗಗಳೇ. ಪ್ರಶ್ನೆ ಇರುವುದು ಆ ಬಳಗಗಳಲ್ಲಿ ಬೇರೆ ದಿನಗಳಲ್ಲಿ ಹರಿದಾಡುವ ಸರಕಿನ ಬಗ್ಗೆ. ಲಸಿಕೆಯಿಂದ ಪುರುಷತ್ವ ನಾಶವಾಗುತ್ತದೆ ಎಂಬ ವದಂತಿ ಎಷ್ಟು ಬಲವಾಗಿ ಹಬ್ಬಿತ್ತೆಂದರೆ, 2021ರ ಜನವರಿ 3ರಂದು ಲಸಿಕೆಗಳಿಗೆ ಅನುಮತಿ ಪ್ರಕಟಿಸಿದ ಔಷಧ ಮಹಾನಿಯಂತ್ರಕ ವಿ. ಜಿ. ಸೋಮಾನಿ ಅವರು ಅದೇ ದಿನ ಅದನ್ನು ಅಲ್ಲಗಳೆಯಬೇಕಾಯಿತು. 2017ರಲ್ಲಿ ದಡಾರ-ರುಬೆಲ್ಲಾ ಲಸಿಕಾ ಅಭಿಯಾನ ದಕ್ಷಿಣದ ರಾಜ್ಯಗಳಲ್ಲಿ ಆರಂಭವಾದಾಗಲೂ ಇಂಥದೇ ಸಂದೇಶಗಳು ಪಾಲಕರನ್ನು ಹೆದರಿಸಿದ್ದವು. ವಾಟ್ಸ್‌ಆ್ಯಪ್ ಸಂಸ್ಥೆ 2018ರಲ್ಲಿ ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ 5 ಕಡೆಗಷ್ಟೇ ರವಾನಿಸಬಹುದೆಂದು ಮಿತಿ ಹೇರಿತು. 2020ರ ಏಪ್ರಿಲ್‌ನಲ್ಲಿ, ಬಹಳ ಕೈ ದಾಟಿ ಬಂದ ಸಂದೇಶಕ್ಕೆ ಆ ಮಿತಿಯನ್ನು ಒಂದಕ್ಕೆ ಇಳಿಸಿತು. ಸಂಘದ ಬಳಗದಲ್ಲಿ ನೂರಾರು ಜನರಿದ್ದರೆ ಆ ಒಂದು ರವಾನೆಯೇ ಸಾಕಾಗುತ್ತದೆ.

ಮಧುಮೇಹ ವಾಸಿ ಮಾಡುತ್ತೇವೆ ಎಂದು ಜಾಹೀರಾತು ಕೊಡುವುದನ್ನು 1954ರ ಕಾಯಿದೆಯೇ ನಿಷೇಧಿಸಿದೆ. ಆದರೆ ವಾರದಲ್ಲಿ ಸಕ್ಕರೆ ಕಾಯಿಲೆ ಮಾಯ ಎನ್ನುವ ಕಷಾಯದ ವಿಡಿಯೋ ಬೆಳಗಿನ ಶುಭೋದಯದ ಹೂವಿನ ಜತೆಗೇ ಬರುತ್ತದೆ. ಓದು-ಹಣ ಎರಡೂ ಇದ್ದವರು ಕಷಾಯ ಕುಡಿದು ಮಾತ್ರೆಯನ್ನೂ ನುಂಗುತ್ತಾರೆ. ತಿಂಗಳ ಮಾತ್ರೆಯ ಖರ್ಚೇ ಭಾರವಾದವರು ಮಾತ್ರೆಯನ್ನು ಬಿಟ್ಟುಬಿಡುತ್ತಾರೆ. ಒಂದೇ ವಿಡಿಯೋ ಇಬ್ಬರಿಗೆ ಎರಡು ಬಗೆಯ ಫಲ ಕೊಡುವುದು ಹೀಗೆ.

ಪರಿಹಾರ ಹೊಸದೇನಲ್ಲ. ಪಲ್ಸ್ ಪೋಲಿಯೋ ಕಾರ್ಯಕರ್ತೆಯರು ಮನೆ ಮನೆಯ ಬಾಗಿಲು ತಟ್ಟಿದ್ದರಿಂದ 2011ರ ಜನವರಿಯ ನಂತರ ಈ ದೇಶದಲ್ಲಿ ನೈಸರ್ಗಿಕ (ವೈಲ್ಡ್) ಪೋಲಿಯೋ ವೈರಾಣುವಿನ ಪ್ರಕರಣ ಪತ್ತೆಯಾಗಲಿಲ್ಲ. 2022ರ ಕೊನೆಯಲ್ಲಿ ಮುಂಬಯಿಯ ಗೋವಂಡಿಯಲ್ಲಿ ದಡಾರ ಹಬ್ಬಿ ಮಕ್ಕಳು ಸಾವಿಗೀಡಾದಾಗ ಮಹಾನಗರ ಪಾಲಿಕೆ ಮಾಡಿದ್ದೂ ಮನೆ ಮನೆಯ ಸಮೀಕ್ಷೆಯನ್ನೇ. ಕನ್ನಡ ಸಂಘಗಳಿಗೂ ಈ ದಾರಿ ಅಪರಿಚಿತವಲ್ಲ. ಊರಿಗೆ ಕಾಗದ ಬರೆದುಕೊಡುವುದು, ಮನಿಯಾರ್ಡರ್ ಫಾರಂ ತುಂಬಿಸಿಕೊಡುವುದು ಒಂದು ಕಾಲದಲ್ಲಿ ಹಿರಿಯ ಕಾರ್ಯಕರ್ತರ ಸಂಜೆಯ ಕೆಲಸವೇ ಆಗಿತ್ತು.

ಇಂದು ಅಂಥ ಕೆಲಸಕ್ಕೆ ಕೊರತೆಯಿಲ್ಲ. 2024ರ ಅಕ್ಟೋಬರ್ 29ರಂದು ಜಾರಿಗೆ ಬಂದ ಆಯುಷ್ಮಾನ್ ವಯ ವಂದನಾ ಕಾರ್ಡು, ಆದಾಯ ಎಷ್ಟೇ ಇರಲಿ, 70 ವರ್ಷ ತುಂಬಿದವರಿಗೆ ಕುಟುಂಬವೊಂದಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಯ ಭರವಸೆ ನೀಡುತ್ತದೆ. ಅದನ್ನು ಪಡೆಯುವ ದಾರಿ ಮಾತ್ರ ಆ್ಯಪ್, ಆಧಾರ್, ಓಟಿಪಿಗಳದ್ದು. ಎಂದೋ ಕೈಬಿಟ್ಟ ಮೊಬೈಲ್ ಸಂಖ್ಯೆ ಆಧಾರಿಗೆ ಜೋಡಣೆಯಾಗಿದ್ದರೆ ಓಟಿಪಿ ಎಲ್ಲಿಗೆ ಬಂದೀತು? ಬೆರಳಚ್ಚು ಅಥವಾ ಮುಖಚಹರೆಯಿಂದಲೂ ದೃಢೀಕರಣ ಸಾಧ್ಯ ಎಂಬುದು ಆ ವೃದ್ಧೆಗೆ ತಿಳಿದಿರುವುದಿಲ್ಲ. ಸಂಘದ ಕಚೇರಿಯಲ್ಲಿ ಭಾನುವಾರ ಒಂದು ಮೇಜು, ಒಂದು ಸ್ಮಾರ್ಟ್‌ಫೋನ್, ಕಾಲೇಜಿಗೆ ಹೋಗುವ ಇಬ್ಬರು ಯುವ ವಿಭಾಗದ ಸದಸ್ಯರು ಇದ್ದರೆ ಇದಕ್ಕೆ ಸಾಕು. ವಿಷಯವನ್ನು ಬಳಗದಲ್ಲಿ ಹಾಕಿ ಸುಮ್ಮನಾಗದೆ, ಹಳೆಯ ಸದಸ್ಯರ ಪಟ್ಟಿ ತೆಗೆದು 70 ದಾಟಿದವರಿಗೆ ಒಬ್ಬೊಬ್ಬರಾಗಿ ಕರೆ ಮಾಡಬೇಕಾದೀತು. ಸದಸ್ಯರಲ್ಲದವರ ವಿಳಾಸ ಪಟ್ಟಿಯಲ್ಲಿ ಸಿಗದು. ಅದಕ್ಕೆ ಮಹಿಳಾ ವಿಭಾಗದವರು ಅರಸಿನ ಕುಂಕುಮದ ಆಮಂತ್ರಣ ಕೊಡಲು ಚಾಳು ಹತ್ತುವಾಗ ಪಕ್ಕದ ಬಾಗಿಲಲ್ಲೂ ಕೇಳಿಕೊಂಡು ಬರಬಹುದು.