ಎಪ್ಪತ್ತೆರಡು ಗಜ ಬಟ್ಟೆ

ಹಬ್ಬ ಬಂತೆಂದರೆ ನಾವು ಬಟ್ಟೆಯಂಗಡಿಗೆ ಹೋಗುತ್ತೇವೆ. ನಯ ನೋಡುತ್ತೇವೆ, ಬಣ್ಣ ನೋಡುತ್ತೇವೆ, ಬೆಲೆಗೆ ಚೌಕಾಶಿ ಮಾಡುತ್ತೇವೆ. ಹೊಲಿದ ಕೈ ಯಾರದು ಎಂದು ಕೇಳುವ ವಾಡಿಕೆ ಮಾತ್ರ ನಮ್ಮಲ್ಲಿಲ್ಲ. ಆ ಕೈ ನಮ್ಮ ನಾಡಿನ ಹೆಣ್ಣುಮಗಳದೇ ಆಗಿದ್ದೀತು. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಕಡೆಯ ಸಿದ್ಧ ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವವರಲ್ಲಿ ಬಹುಪಾಲು ಹೆಂಗಸರು.

ಅಲ್ಲಿ ಇಡೀ ಅಂಗಿಯನ್ನು ಒಬ್ಬರೇ ಹೊಲಿಯುವುದಿಲ್ಲ. ಒಬ್ಬಳಿಗೆ ಕಾಲರು, ಇನ್ನೊಬ್ಬಳಿಗೆ ತೋಳು, ಮತ್ತೊಬ್ಬಳಿಗೆ ಜೇಬು; ಗಂಟೆಗೆ ಇಷ್ಟು ಎಂಬ ಲೆಕ್ಕ. ಲೆಕ್ಕ ತಪ್ಪಿದರೆ ಬೈಗುಳ. ಮತ್ತೆ ಮತ್ತೆ ಏಳಬೇಕಾದೀತೆಂದು ನೀರನ್ನೇ ಕುಡಿಯದವರುಂಟು.

2016ರ ಏಪ್ರಿಲ್ 18ರಂದು ಈ ಹೆಂಗಸರು ಸಾವಿರಾರು ಮಂದಿ ಹೊಸೂರು ರಸ್ತೆಗೆ ಇಳಿದರು. ಪ್ರಾವಿಡೆಂಟ್ ಫಂಡಿನಲ್ಲಿ ಮಾಲಿಕರ ಪಾಲನ್ನು 58 ವರ್ಷ ತುಂಬುವವರೆಗೆ ತೆಗೆಯಬಾರದೆಂದು ಕೇಂದ್ರ ಸರಕಾರ ಆ ಫೆಬ್ರವರಿಯಲ್ಲಿ ನಿಯಮ ಮಾಡಿತ್ತು. ಮರುದಿನ ಕಲ್ಲು, ಬೆಂಕಿ, ಲಾಠಿ ಎಲ್ಲವೂ ಆದವು. ಅದನ್ನು ನಾವು ಮೆಚ್ಚುವುದಿಲ್ಲ. ಅಂದೇ ಸರಕಾರ ನಿಯಮವನ್ನು ಹಿಂತೆಗೆದುಕೊಂಡಿತು.

ಮುಪ್ಪಿಗೆಂದು ಇಟ್ಟ ಗಂಟನ್ನು ಈಗಲೇ ಬಿಚ್ಚುವುದು ಅವಿವೇಕವಲ್ಲವೆ ಎಂದು ವಾಚಕರು ಕೇಳಬಹುದು. ಅಂದಿನ ಸಂಬಳ ಏಳು ಸಾವಿರ ರೂಪಾಯಿಯ ಆಸುಪಾಸು. ಬಾಡಿಗೆ, ದಿನಸಿ ಕಳೆದರೆ ಉಳಿಯುವುದೇನು? ಮಗಳ ಶಾಲೆಯ ಫೀಜು, ತಾಯಿಯ ಆಸ್ಪತ್ರೆ, ತಂಗಿಯ ಮದುವೆ ಎಂದಾಗ ಕೈಗೆ ಸಿಗುತ್ತಿದ್ದ ಇಡುಗಂಟು ಅದೊಂದೇ. ಅದನ್ನು ಪೂರ್ತಿ ಪಡೆಯಲು ಆಗ ಕೆಲಸ ಬಿಟ್ಟು ಎರಡು ತಿಂಗಳು ಕಾಯಬೇಕಾಗಿತ್ತು. ಮತ್ತೆ ಸೇರುವಾಗ ಹೊಸಬಳೆಂದೇ ಲೆಕ್ಕ. ಐದು ವರ್ಷ ತುಂಬದೆ ಬಿಟ್ಟವಳಿಗೆ ಗ್ರಾಚ್ಯುಟಿಯೂ ಇಲ್ಲ.

ಕೂಲಿ ಎಷ್ಟಿದ್ದರೆ ಸಾಕು ಎಂಬುದು ಹೊಸ ಪ್ರಶ್ನೆಯೇನಲ್ಲ. 1957ರ ಭಾರತೀಯ ಕಾರ್ಮಿಕ ಸಮ್ಮೇಳನ ಅದಕ್ಕೆ ಅಳತೆ ಹಾಕಿಕೊಟ್ಟಿತು: ಹೊಟ್ಟೆ ತುಂಬ ಆಹಾರ, ಮನೆ ಬಾಡಿಗೆ, ಉರುವಲು, ದೀಪ, ನಾಲ್ವರ ಸಂಸಾರಕ್ಕೆ ವರ್ಷಕ್ಕೆ 72 ಗಜ ಬಟ್ಟೆ. 1991ರಲ್ಲಿ ಸುಪ್ರೀಂ ಕೋರ್ಟು ಮಕ್ಕಳ ಓದು, ಔಷಧ, ಹಬ್ಬ, ಮದುವೆ, ಮುಪ್ಪು ಇವುಗಳಿಗೂ ಕನಿಷ್ಠ ವೇತನದಲ್ಲಿ ಕಾಲು ಭಾಗ ಇರಬೇಕೆಂದಿತು. ಯಾವುದಕ್ಕಾಗಿ ಆ ಹೆಂಗಸರು ಗಂಟು ಬಿಚ್ಚುತ್ತಿದ್ದರೋ ಅವೆಲ್ಲ ಈ ಪಟ್ಟಿಯಲ್ಲಿವೆ. ಸಂಬಳದಲ್ಲಿ ಬರಬೇಕಾದದ್ದನ್ನು ಅವರು ಮುಪ್ಪಿನಿಂದ ಸಾಲ ತೆಗೆಯುತ್ತಿದ್ದರು, ಅಷ್ಟೆ. ಅದು ದುಂದಲ್ಲ. ಸಂಬಳದ ಅಂಕಿ ಆಮೇಲೆ ಏರಿದೆ. ಬಾಡಿಗೆ, ಬೇಳೆಯ ಬೆಲೆಯೂ ಏರಿದೆ.

ಮುಂಬಯಿಯ ಬಟ್ಟೆ ಗಿರಣಿಗಳಲ್ಲಿ ದುಡಿದು ಊರಿಗೆ ಮನಿಯಾರ್ಡರು ಕಳಿಸಿದ ಹಿರಿಯರ ಮನೆಗಳು ನಮ್ಮ ಬಳಗದಲ್ಲೂ ಇವೆ. ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಉಳಿದವರಲ್ಲಿ ನಮ್ಮದೊಂದು ವಿನಂತಿ. ಬೇಸಗೆ ರಜೆಗೆ ಊರಿಗೆ ಹೋದಾಗ, ಗಾರ್ಮೆಂಟ್ಸಿಗೆ ಹೋಗುವ ನೆರೆಮನೆಯ ಹೆಣ್ಣುಮಗಳನ್ನು, "ಏನಮ್ಮಾ, ಸಂಬಳ ಸಾಲುತ್ತದೆಯೆ?" ಎಂದು ಕೇಳಿರಿ. ಅವಳು ಹೇಳಿದ್ದನ್ನು ಹೆಸರು ಬಿಟ್ಟು ನಮಗೆ ಬರೆದು ಕಳಿಸಿರಿ. ಬರುವ ಸಂಚಿಕೆಯಲ್ಲಿ ಈ ಪುಟವನ್ನು ಅವಳಿಗೇ ಬಿಟ್ಟುಕೊಡುತ್ತೇವೆ.