ಗಂಧವೂ ಕೆತ್ತನೆಯೂ

ಶ್ರೀಗಂಧದ ಕರಡಿಗೆಯೊಂದನ್ನು ಯಾರ ಕೈಗೆ ಕೊಟ್ಟರೂ ಅವರು ಅದನ್ನು ಮೊದಲು ಒಯ್ಯುವುದು ಮೂಗಿನ ಬಳಿಗೆ. ಕಣ್ಣಿನ ಸರದಿ ಆಮೇಲೆ. ಇದು ಸಹಜವೇ ಸರಿ. ಆದರೆ ಪರಿಮಳವು ಮರದ ಗುಣ. ಮುಚ್ಚಳದ ಮೇಲಿನ ಬಳ್ಳಿ, ಹಕ್ಕಿ, ಗಜಲಕ್ಷ್ಮಿಯರು ಕೈಯ ಗುಣ. ಆ ಕೈಯ ವಿಚಾರವಾಗಿ ಈ ತಿಂಗಳು ವಾಚಕರೊಡನೆ ನಾಲ್ಕು ಮಾತನಾಡಬೇಕೆಂದಿರುವೆವು.

ಶಿವಮೊಗ್ಗ ಜಿಲ್ಲೆಯ ಸಾಗರ, ಸೊರಬಗಳಲ್ಲಿಯೂ ಉತ್ತರ ಕನ್ನಡದ ಸಿರಸಿ ಮೊದಲಾದ ಊರುಗಳಲ್ಲಿಯೂ ಗುಡಿಗಾರರು ತಲೆಮಾರುಗಳಿಂದ ಈ ಕಸಬನ್ನು ನಡೆಸಿಕೊಂಡು ಬಂದಿರುವರು. ಇವರ ಪೂರ್ವಿಕರು ಗೋವೆಯ ಕಡೆಯಿಂದ ಬಂದವರೆಂದು ಹೇಳಿಕೆಯುಂಟು. ಮರವನ್ನು ನುಣುಪುಮಾಡಿ, ಬಿಳಿಯ ಕಾಗದದ ಮೇಲೆ ಬರೆದ ಚಿತ್ತಾರವನ್ನು ಅದಕ್ಕೆ ಅಂಟಿಸಿ, ಗೆರೆಗಳ ನಡುವಣ ಭಾಗವನ್ನು ಸ್ವಲ್ಪಸ್ವಲ್ಪವಾಗಿ ಕೆತ್ತಿ ತೆಗೆಯುವರು. ಶ್ರೀಗಂಧದ ಚೇಗು ಗಟ್ಟಿ, ಅದರ ಎಳೆ ಅತಿಸೂಕ್ಷ್ಮ. ಆದುದರಿಂದಲೇ ಎಲೆಯ ನರವೂ ಹಕ್ಕಿಯ ಗರಿಯೂ ಒಡೆಯದೆ ನಿಲ್ಲುವುವು. ಉಳಿಗಳಲ್ಲಿ ಕೆಲವು ಬಹಳ ಸಣ್ಣವು. ಕೈ ತುಸು ಜಾರಿದರೆ ಅದುವರೆಗಿನ ದುಡಿಮೆಯೆಲ್ಲ ಹಾಳು. ಬಟ್ಟೆಗಿದ್ದಂತೆ ಮರಕ್ಕೆ ತೇಪೆಯಿಲ್ಲವಷ್ಟೆ! ಹಿಂದೆ ಗಣ್ಯರಿಗೆ ಬಿನ್ನವತ್ತಳೆಯನ್ನು ಒಪ್ಪಿಸಲು ಇಂತಹ ಗಂಧದ ಕರಂಡಕಗಳನ್ನೇ ಮಾಡಿಸುತ್ತಿದ್ದರು.

ಈಗ ಮರವೇ ದುರ್ಲಭ. 1792ರಲ್ಲಿ ಟಿಪ್ಪೂ ಸುಲ್ತಾನನು ಶ್ರೀಗಂಧವನ್ನು ರಾಜವೃಕ್ಷವೆಂದು ಸಾರಿದನು. ಅಂದಿನಿಂದ ಅದು ಅರಸರ, ಅನಂತರ ಸರ್ಕಾರದ ಸ್ವತ್ತು. ತನ್ನ ಹಿತ್ತಲಿನಲ್ಲಿ ಹುಟ್ಟಿದ ಗಿಡವೂ ತನ್ನದಲ್ಲವೆಂದ ಮೇಲೆ ರೈತನು ಅದನ್ನು ಸಾಕುವ ಗೋಜಿಗೆ ಹೋದಾನೆ? 1899ರಲ್ಲಿ ಕೊಡಗಿನಲ್ಲಿ ಮೊದಲು ಕಾಣಿಸಿಕೊಂಡ ಸ್ಪೈಕ್ ಎಂಬ ರೋಗವೂ, ಕಳ್ಳರ ಕೊಡಲಿಯೂ ಉಳಿದ ಕೆಲಸವನ್ನು ಮಾಡಿದುವು. 2001ರಲ್ಲಿ ಕರ್ನಾಟಕದ ಅರಣ್ಯ ಕಾನೂನಿಗೆ ತಿದ್ದುಪಡಿಯಾಗಿ ಬೆಳೆದವನೇ ಮರದ ಒಡೆಯನಾದನು. ಆದರೆ ಚೇಗು ಬಲಿಯುವುದಕ್ಕೆ ದಶಕಗಳು ಬೇಕು.

ಆದಕಾರಣ ಗುಡಿಗಾರನ ಉಳಿಯು ಶಿವಣೆಯಂತಹ ಮರಗಳ ಮೇಲೂ ನಡೆಯುತ್ತಿದೆ. ಶ್ರಮವೇನೂ ಕಡಮೆಯಲ್ಲ. ಆದರೂ ಕೊಳ್ಳುವವರು ಮೂಸಿ ನೋಡಿ, “ಗಂಧವಲ್ಲವೇ?” ಎಂದು ಮುಖ ಸಿಂಡರಿಸಿ, ಚೌಕಾಸಿಗೆ ತೊಡಗುವರು. ಇದು ನ್ಯಾಯವಲ್ಲವೆಂದು ನಮ್ಮ ಸ್ಪಷ್ಟವಾದ ಅಭಿಪ್ರಾಯ. ಮಲೆನಾಡಿನ ಮದುವೆಗೆ ಬೆಂಡಿನ ಬಾಸಿಂಗವನ್ನು ಮಾಡಿಕೊಡುವವರೂ ಈ ಗುಡಿಗಾರರೇ. ಬೆಂಡಿಗೆ ಪರಿಮಳವೂ ಇಲ್ಲ, ತೂಕವೂ ಇಲ್ಲ. ಬಾಸಿಂಗವನ್ನು ಮೂಸಿ ಬೆಲೆ ಕಟ್ಟಿದ ಬೀಗರನ್ನು ನಾವಂತೂ ಕಂಡಿಲ್ಲ.

ಕೆತ್ತನೆಯನ್ನು ಕೊಳ್ಳಹೋಗುವ ಸೋದರಿಯರು ಅದನ್ನು ಕಿಟಕಿಯ ಬೆಳಕಿಗೆ ಓರೆಯಾಗಿ ಹಿಡಿದು ನೋಡಲಿ. ಉಳಿಯು ಎಲೆಯ ಅಂಚಿನ ಅಡಿಯವರೆಗೂ ಹೋಗಿದೆಯೆ? ಬಳ್ಳಿಯ ಹಿಂದಣ ನೆಲ ಸಮನಾಗಿದೆಯೆ? ಎರಡು ಹಕ್ಕಿಗಳು ಅಚ್ಚೊತ್ತಿದಂತೆ ಒಂದೇ ಆಗಿದ್ದರೆ ಅದು ಯಂತ್ರದ ಕೆಲಸವೆಂದು ಶಂಕಿಸಬೇಕು. ಬೇರೆ ಮರಕ್ಕೆ ಗಂಧದ ವಾಸನೆಯ ಎಣ್ಣೆ ಸವರಿ ಶ್ರೀಗಂಧವೆಂದು ಮಾರುವವರೂ ಉಂಟು. ಅಂತಹ ಪೆಟ್ಟಿಗೆ ಮನೆಗೆ ಬಂದು ಕೆಲವು ದಿನಗಳಾದ ಮೇಲೆ ಮೂಗಿಗೂ ಅದರಲ್ಲಿ ಏನೂ ಉಳಿದಿರುವುದಿಲ್ಲ.